ಅಂಟು ಹಚ್ಚಿದ ಪುಟ

ಎರಡು ಚಮಚ ಮೈದಾ, ಒಂದು ಲೋಟ ನೀರು, ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ; ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಅಂಟು ಸಿದ್ಧ. ಕೌಲ್ ಬಜಾರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು ಈ ಅಂಟಿನಿಂದ ಅದೆಷ್ಟು ಹರಿದ ಪುಸ್ತಕಗಳಿಗೆ ಮರುಜನ್ಮ ಕೊಟ್ಟಿದ್ದೇನೋ. ಆದರೆ ಓದುಗ ಮಿತ್ರರೆ, ಹರಿಯದೇ ಇದ್ದ ಪುಟವೊಂದಕ್ಕೂ ಅಂಟು ಹಚ್ಚಿದ್ದೇನೆ. ಆ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಸಿರುಗುಪ್ಪದ ಕಡೆಯ ಏಳು ವರ್ಷದ ಹುಲಿಗೆಮ್ಮ ಗಾಂಧಿನಗರದ ನಮ್ಮ ಮನೆಗೆ ಪೋಷಣೆಗೆಂದು ಬಂದಳು. ತಂದೆ ಇಲ್ಲ, ತಾಯಿ ಆಸ್ಪತ್ರೆಯಲ್ಲಿ. ಆಕೆ ಗುಣವಾಗಿ ಕರೆದೊಯ್ಯುವ ತನಕ ಮಗುವನ್ನು ನೋಡಿಕೊಳ್ಳುವೆನೆಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕಿದ್ದೆ. ಇದು ದತ್ತು ಅಲ್ಲ. ಇಲ್ಲಿ ಹಿಂತಿರುಗಿಸಲೆಂದೇ ಪ್ರೀತಿಸಬೇಕು. ಹುಡುಗಿ ಉಣ್ಣುತ್ತಿದ್ದಳು, ಹೇಳಿದ್ದು ಮಾಡುತ್ತಿದ್ದಳು, ಮಾತು ಮಾತ್ರ ಇರಲಿಲ್ಲ. ಮೂಕಿಯಾದ ಮಗಳನ್ನು ಆ ತಾಯಿಗೆ ಹೇಗೆ ಒಪ್ಪಿಸಲಿ ಎಂಬ ಚಿಂತೆ ನನ್ನನ್ನು ಹಿಂಡುತ್ತಿತ್ತು.

ಒಂದು ಚಿತ್ರಪುಸ್ತಕ ತಂದೆ. ಅದರ ಕತೆಯಲ್ಲಿ ತಾಯಿ ಆಡಿಗೆ ಕಾಯಿಲೆಯಾಗಿ ಅದನ್ನು ಬಂಡಿಯಲ್ಲಿ ಒಯ್ಯುತ್ತಾರೆ. ಮರಿ ಪಕ್ಕದ ಮನೆಯ ಆಡಿನ ಹಾಲು ಕುಡಿದು ಬೆಳೆಯುತ್ತದೆ. ಬಂಡಿಯ ಪುಟ ನೋಡಿ ಹುಡುಗಿ ಕುಸಿದಾಳೆಂದು ಹೆದರಿ, ಅದರ ಮೇಲೆ ಬಿಳಿ ಹಾಳೆ ಅಂಟಿಸಿಬಿಟ್ಟೆ. ಕಷ್ಟದ ಪಾಠ ಬಂದರೆ, ಇದು ಪರೀಕ್ಷೆಗೆ ಬರುವುದಿಲ್ಲವೆಂದು ದಾಟಿಸಿಬಿಡುವ ಬುದ್ಧಿ ನಿವೃತ್ತಿಯಾದರೂ ಹೋಗುವುದಿಲ್ಲ ನೋಡಿ.

ಮೂರನೆಯ ದಿನ ಹುಲಿಗೆಮ್ಮ ಹಿತ್ತಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಆ ಪುಟವನ್ನು ಮೆಲ್ಲಗೆ ಉಜ್ಜುತ್ತಿದ್ದಳು. ಹಾಳೆ ಕಿತ್ತು ಬಂದಿತ್ತು. ಬಣ್ಣ ಕದಡಿದ್ದರೂ ಬಂಡಿಯೊಳಗಿನ ತಾಯಿ ಕಾಣುತ್ತಿತ್ತು. ಗದರಲು ಬಾಯಿ ತೆರೆದೆ; ಅವಳೇ ಮೊದಲು ಕೇಳಿದಳು.

"ಇದರ ಅವ್ವನ್ನ ಯಾಕ ಮುಚ್ಚೀರಿ ಟೀಚರ್? ಮರಿ ಎಲ್ಲಿ ಹುಡುಕಬೇಕ್ರಿ?"

ನಾಚಿಕೆಯಾಯಿತು, ತಪ್ಪಾಯಿತವ್ವ ಎಂದೆ.

ಅಂದಿನಿಂದ ಆ ಪುಟವೇ ನಮ್ಮ ಮಾತಿನ ಬಾಗಿಲಾಯಿತು. ನಮ್ಮವ್ವ ಎಂದು ಬಾಯಿಬಿಟ್ಟು ಹೇಳಲಾರದ ಮಗು ಆಡಿನ ಮೇಲೆ ಬೆರಳಿಟ್ಟು ಆಸ್ಪತ್ರೆಯ ಮಂಚದ ಕತೆ ಹೇಳಿತು, ತಾಯಿಯ ಹಸಿರು ಬಳೆಯ ಕತೆ ಹೇಳಿತು. ನಾಲಿಗೆಗೆ ಭಾರವಾದದ್ದನ್ನು ಬೆರಳು ಹೊರಬಲ್ಲದು. ಚಿತ್ರಪುಸ್ತಕದ ದೊಡ್ಡ ಉಪಕಾರ ಅದೇ ಎಂದು ಈಗ ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ. ಮಗುವಿಗೆ ನೋವನ್ನು ನಾವು ಕಲಿಸಬೇಕಿಲ್ಲ, ಬಚ್ಚಿಡಲೂ ಬೇಕಿಲ್ಲ. ಪಕ್ಕದಲ್ಲಿ ಕೂತು ಪುಟ ತಿರುವಿದರೆ ಸಾಕು.

ಕಳೆದ ತಿಂಗಳು ಹುಲಿಗೆಮ್ಮನ ತಾಯಿ ಆಸ್ಪತ್ರೆಯಿಂದ ಕುರುಗೋಡಿನ ತನ್ನ ತಂಗಿಯ ಮನೆಗೆ ಬಂದಳು. ಬಸ್ಸು ಹತ್ತಿ ಹೋದೆವು. ಮಗಳು ಬೇರೊಬ್ಬಳ ಮನೆಗೆ ಹೊಂದಿಕೊಂಡದ್ದರಿಂದ ಆಕೆಗೆ ನೋವಾದೀತೆಂಬ ಅಳುಕು ನನಗೆ. ಹುಲಿಗೆಮ್ಮ ತಾಯಿಗೆ ಆತು ಕೂತು ಪುಸ್ತಕ ಬಿಚ್ಚಿ, ಒಂದೇ ಉಸಿರಿಗೆ ಕತೆ ಶುರುಮಾಡಿದಳು. ಓದು ಬಾರದ ತಾಯಿ ಚಿತ್ರಗಳನ್ನೇ ನೋಡುತ್ತ ಹೂಂಗುಟ್ಟಿದಳು. ಮರಿ ಪಕ್ಕದ ಮನೆಯ ಆಡಿನ ಹಾಲು ಕುಡಿಯುವ ಪುಟ ಬಂದಾಗ, ಆಡು ಸಾಕಿ ಬಲ್ಲ ಆಕೆ ತಡೆದಳು.

"ಬ್ಯಾರೆ ಆಡು ಹಿಂಗ ಸುಮ್ನ ಕುಡಿಸಂಗಿಲ್ಲಲೇ, ಒದಿತೈತಿ."

"ಮೊದ್ಲು ಒಂದ್ಸಲ ಒದ್ದಿತ್ತವ್ವ." ಹುಲಿಗೆಮ್ಮ ಬಣ್ಣ ಕದಡಿದ ಬಂಡಿಯ ಪುಟ ತಿರುವಿ ತೋರಿಸಿ ನನ್ನತ್ತ ನೋಡಿದಳು. "ಈಗ ಒದಿಯಂಗಿಲ್ಲ."

ತಾಯಿಯೂ ನನ್ನತ್ತ ನೋಡಿ ನಕ್ಕಳು. ಸಾವಿರಾರು ಮಕ್ಕಳಿಗೆ ಅಂಕ ಹಾಕಿದವಳು ನಾನು. ಅಷ್ಟು ಸರಿಯಾಗಿ ನನಗೆ ಅಂಕ ಹಾಕಿದವರು ಅವರಿಬ್ಬರೇ.