ಬೆನ್ನ ಮೇಲಿನ ಕೆಂಪು

ಹಾಲಿನ ಪ್ಯಾಕೆಟ್ ಒಡೆದ ಕೂಡಲೇ ಮೂಸಿ ನೋಡುವವಳು ನಾನು. ನಾನು ಮೂಸಿದ ಮೇಲೆ ಯಜಮಾನರ ಮೂಗಿಗೂ ಹಿಡಿಯುತ್ತೇನೆ, ನನ್ನ ಮೂಗಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಮದುವೆಯಾಗಿ ದೊಡ್ಡಬಳ್ಳಾಪುರದ ಈ ಮಗ್ಗದ ಮನೆಗೆ ಬಂದ ಹೊಸದರಲ್ಲಿ, ಕಾಫಿ ಕೊಟ್ಟರೂ ಲೋಟದೊಳಗೆ ಇಣುಕಿ ನೋಡುವ ಸೊಸೆ ಸಿಕ್ಕಿದ್ದಾಳೆ ಎಂದು ನಮ್ಮತ್ತೆ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಸುಮ್ಮನಿದ್ದೆ. ನಾಲ್ಕು ಸಲ ನೋಡಿದರೆ ಯಾರ ಗಂಟು ಹೋಗುತ್ತದೆ ಎಂಬುದು ನನ್ನ ವಾದವಾಗಿತ್ತು.

ಹಾಗಾಗಿ ಎರಡು ವರ್ಷದ ಹಿಂದೆ ಮಗಳ ಕುತ್ತಿಗೆ, ಬೆನ್ನಿನ ಮೇಲೆಲ್ಲ ಕೆಂಪು ದದ್ದು ಎದ್ದಾಗ ನಾನು ಮೊದಲು ಹುಡುಕಿದ್ದು ಔಷಧಿಯನ್ನಲ್ಲ, ಕಳ್ಳರನ್ನು. ಅವಳು ಆಗ ಎರಡನೇ ಪಿಯುಸಿ. ಮೊದಮೊದಲು ಬೆವರುಸಾಲೆ ಅಂದುಕೊಂಡೆವು. ಕೆರೆದೂ ಕೆರೆದೂ ಚರ್ಮ ದಪ್ಪಗಾಗಿ ಕಪ್ಪು ತಿರುಗಿತು. ಬೇಸಿಗೆಯಲ್ಲೂ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡೇ ಕಾಲೇಜಿಗೆ ಹೋಗುತ್ತಿದ್ದಳು. ಗೆಳತಿಯರೆಲ್ಲ ಮಾಕಳಿದುರ್ಗ ಹತ್ತಲು ಹೊರಟ ದಿನ ತಲೆನೋವೆಂದು ಮಲಗಿಬಿಟ್ಟಳು. ಆಮೇಲೊಂದು ದಿನ, ಕಾಲೇಜಿಗೇ ಹೋಗುವುದಿಲ್ಲ, ಹಿಂದಿನ ಬೆಂಚಿನವರು ಕುತ್ತಿಗೆಯನ್ನೇ ನೋಡುತ್ತಾರೆ ಅಂದಳು.

ಮೊದಲ ಅನುಮಾನ ನಮ್ಮ ನಾದಿನಿಯ ಮೇಲೆ. ದೇವನಹಳ್ಳಿ ಕಡೆ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಅಣ್ಣನ ಮಗಳಿಗೆಂದು ಮುಖಕ್ಕೆ ಹಚ್ಚುವ ಸಾಮಾನುಗಳ ಡಬ್ಬಿಯೊಂದನ್ನು ತಂದುಕೊಟ್ಟಿದ್ದಳು. ತೊಳೆಯುವುದೊಂದು, ಒರೆಸುವುದೊಂದು, ಹನಿ ಹಾಕುವುದೊಂದು. ಅಷ್ಟನ್ನೂ ಎತ್ತಿ ಅಟ್ಟದ ಮೇಲಿನ ಹಳೇ ಚೀಲಗಳ ಹಿಂದೆ ತಳ್ಳಿದೆ. ದದ್ದು ಇಳಿಯಲಿಲ್ಲ. ಹಾಗಾದರೆ ಇವಳು ಕದ್ದು ಏನೋ ಹಚ್ಚಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿ, ಅವಳು ಬಚ್ಚಲಿಗೆ ಹೋದಾಗ ಕಾಲೇಜಿನ ಬ್ಯಾಗು ತಡಕಿದೆ. ಬೆರಳುದ್ದದ ಟ್ಯೂಬೊಂದು ಸಿಕ್ಕಿತು. ಅದನ್ನು ಹಿಡಿದುಕೊಂಡು ಅವರಪ್ಪನ ಎದುರಿಗೇ ವಿಚಾರಣೆ ಮಾಡಿದೆ. ಅದು ತುಟಿ ಒಡೆದದ್ದಕ್ಕೆ ಹಚ್ಚುವುದು ಎಂದಳು. ನಾನು ನಂಬದೆ ಕಸದ ಬುಟ್ಟಿಗೆ ಎಸೆದೆ. ನಾಲ್ಕು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಆಮೇಲೆ ಬೋರ್‌ವೆಲ್ ನೀರು, ಬಸ್‌ ಸ್ಟ್ಯಾಂಡಿನ ಗೋಬಿ ಮಂಚೂರಿ, ಹೊಸ ಸೋಪಿನ ಪುಡಿ, ಒಂದಾದ ಮೇಲೊಂದು ನನ್ನ ಕಟಕಟೆಗೆ ಬಂದು ಹೋದವು. ಸೋಮವಾರ ಬೆಳಗಾದರೆ ಕೆಂಪು ಜಾಸ್ತಿಯಾಗಿರುತ್ತಿತ್ತು, ಅದನ್ನು ಕಂಡುಹಿಡಿದವಳೂ ನಾನೇ. ಭಾನುವಾರದ ಕೋಳಿ ಸಾರೇ ಕಾರಣ ಎಂದು ಒಂದು ತಿಂಗಳು ಮನೆಯಲ್ಲಿ ಕೋಳಿ ನಿಲ್ಲಿಸಿದೆ. ಯಜಮಾನರು ತುಟಿ ಪಿಟಕ್ಕೆನ್ನದೆ ಬೇಳೆ ಸಾರು ಉಂಡರು. ಸೋಮವಾರದ ಕೆಂಪು ಮಾತ್ರ ಹಾಗೇ ಇತ್ತು.

ಕೊನೆಗೆ ಅವರೇ ಚರ್ಮದ ಡಾಕ್ಟರ ಹತ್ತಿರ ಹೋಗಿಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಟಾರ್ಚು ಹಾಕಿ ನೋಡಿ ಮುಲಾಮು ಬರೆದುಕೊಡುತ್ತಾರೆ ಅಂದುಕೊಂಡಿದ್ದರೆ, ಪ್ರಶ್ನೆ ಮೇಲೆ ಪ್ರಶ್ನೆ. ಎಷ್ಟು ಹೊತ್ತಿಗೆ ಮಲಗುತ್ತಾಳೆ, ಎಷ್ಟು ನೀರು ಕುಡಿಯುತ್ತಾಳೆ, ತಿಂಗಳದ್ದು ಸರಿಯಾಗಿದೆಯಾ, ಪರೀಕ್ಷೆ ಭಯವಿದೆಯಾ, ಹೊದಿಕೆ ಯಾವುದು, ಮನೆಯಲ್ಲಿ ಏನು ಕೆಲಸ. ಚರ್ಮ ಒಂದನ್ನೇ ನೋಡಿದರೆ ಆಗುವುದಿಲ್ಲ, ಊಟ, ನಿದ್ದೆ, ಮನಸ್ಸು, ಮೈಗೆ ಸೋಕುವ ವಸ್ತು ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದರು. ಕಾಯಿಲೆ ಗೊತ್ತಾದವರು ಇಷ್ಟೆಲ್ಲ ಯಾಕೆ ಕೇಳುತ್ತಾರೆ ಎಂದು ನನಗೆ ಒಳಗೊಳಗೇ ಗುಮಾನಿ.

ಅದರಲ್ಲೂ ಮನೆಯ ಕೆಲಸದ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಮನೆಯ ಹಜಾರದಲ್ಲಿ ಎರಡು ಪವರ್‌ಲೂಮ್ ಇವೆ. ಹಿಂದೊಮ್ಮೆ ಸದ್ದು ಜಾಸ್ತಿ ಎಂದು ಯಾರೋ ಅರ್ಜಿ ಹಾಕಿ, ಸರ್ಕಾರಿ ಆಫೀಸಿನವರು ಬಂದು ನೋಡಿಕೊಂಡು ಹೋಗಿದ್ದರು. ಈ ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಳ್ಳುವುದು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು.

"ಮನೇಲೇನಿಲ್ಲ ಡಾಕ್ಟ್ರೇ, ಮಗ್ಗ ಎಲ್ಲಾ ಬೇರೆ ಕಡೆ ಐತೆ" ಅಂದುಬಿಟ್ಟೆ.

ಮಗಳು ನನ್ನ ಕಡೆ ಒಂದು ಸಲ ತಿರುಗಿ ನೋಡಿ, ತಲೆ ತಗ್ಗಿಸಿ ಕೂತಳು. ಡಾಕ್ಟರಮ್ಮ ಮುಲಾಮು ಬರೆದರು. ಹಚ್ಚುವವರೆಗೆ ದದ್ದು ಇಳಿಯಿತು, ನಿಲ್ಲಿಸಿದ ವಾರಕ್ಕೆ ಮತ್ತೆ ಎದ್ದಿತು. ಮೇಲಿಂದ ಮೇಲೆ ಬರಲಿ ಎಂದೇ ಹೀಗೆ ಕೊಡುತ್ತಾರೆ, ನನಗೆ ಮೊದಲೇ ಗೊತ್ತಿತ್ತು ಎಂದು ಮನೆಯಲ್ಲಿ ಸಾರಿದೆ. ಎರಡನೇ ಸಲ ಹೋಗುವುದೇ ಬೇಡ ಎಂದೆ. ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದು ಮಗಳು ಚಪ್ಪಲಿ ಮೆಟ್ಟಿದಳು. ಬೇರೆ ದಾರಿಯಿಲ್ಲದೆ ಹಿಂದೆ ಹೋದೆ.

ಈ ಸಲ ಡಾಕ್ಟರಮ್ಮ ನನ್ನನ್ನು ಕೇಳಲೇ ಇಲ್ಲ. ಬೆಳಿಗ್ಗೆಯಿಂದ ಮಲಗುವವರೆಗೆ ಏನೇನು ಮೈಗೆ ಸೋಕುತ್ತದೆ, ನೀನೇ ಹೇಳಮ್ಮ ಎಂದು ಅವಳನ್ನು ಕೇಳಿದರು.

"ಮನೇಲೇ ಎರಡು ಮಗ್ಗ ಇದೆ ಡಾಕ್ಟ್ರೇ. ಅಮ್ಮ ಹೋದ್ಸಲ ಸುಳ್ಳು ಹೇಳಿದ್ರು" ಅಂದಳು ಮಗಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಬೈಯಲಿಲ್ಲ. ಅವಳು ಮಗ್ಗದ ಕೆಲಸ ಮಾಡುತ್ತಾಳಾ ಎಂದರು, ಇಲ್ಲ. ಅಲ್ಲಿ ನೇಯ್ದದ್ದನ್ನು ಉಡುತ್ತಾಳಾ, ಅದೂ ಇಲ್ಲ. ಹೋದ ಮಾನವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ನಾನೇ ಬಾಯಿ ಹಾಕಿದೆ. ನಮ್ಮ ಮನೆಯಲ್ಲಿ ಕಂಡಕಂಡದ್ದನ್ನು ಮಕ್ಕಳ ಮೈಗೆ ಸೋಕಿಸುವುದಿಲ್ಲ ಎಂದು ಹೆಮ್ಮೆಯಿಂದಲೇ ಶುರುಮಾಡಿದೆ.

"ಮೈ ಉಜ್ಜಕ್ಕೂ ಅಂಗಡೀದು ತರಲ್ಲ. ಕಂಡಿಕೇಲಿ ಉಳಿದ ದಾರ ಸೇರಿಸಿ ನಾನೇ ಉಂಡೆ ಕಟ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಕಂಡಿಕೆ ಅಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ, ದಾರ ಸುತ್ತಿದ ಕಡ್ಡಿ. ಅದರ ಕೊನೆಯಲ್ಲಿ ಉಳಿದ ದಾರವನ್ನು ನಮ್ಮ ಬೀದಿಯಲ್ಲಿ ಯಾರೂ ಬಿಸಾಡುವುದಿಲ್ಲ. ಗುಂಜು ಮಾಡಿ, ಬಿಗಿದು ಕಟ್ಟಿ, ಬಚ್ಚಲಿನ ಮೊಳೆಗೆ ನೇತು ಹಾಕುತ್ತೇವೆ. ನನಗೆ ಕಲಿಸಿದ್ದು ಅತ್ತೆ. ಅವರ ಕಾಲದಲ್ಲಿ ಅದು ಬಣ್ಣ ಕಾಣದ ಹತ್ತಿ ನೂಲು. ನಾನು ಕಟ್ಟುತ್ತಿದ್ದದ್ದು ಗಾಢ ಬಣ್ಣದ, ಮಗ್ಗದ ಎಣ್ಣೆ ಹಿಡಿದ ಆರ್ಟ್ ಸಿಲ್ಕ್, ಕೃತಕ ರೇಷ್ಮೆಯ ದಾರ. ದಾರ ಬದಲಾದದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮಗಳು ದಿನಾ ಕುತ್ತಿಗೆಗೆ ಅದನ್ನೇ ಉಜ್ಜಿಕೊಳ್ಳುತ್ತಿದ್ದಳು. ಭಾನುವಾರ ಎಣ್ಣೆಸ್ನಾನಕ್ಕೆ ಅವಳನ್ನು ಮಣೆಯ ಮೇಲೆ ಕೂರಿಸಿ ಬೆನ್ನು ತಿಕ್ಕುತ್ತಿದ್ದವಳು ನಾನು. ದದ್ದು ಹೆಚ್ಚಾದಂತೆಲ್ಲ, ಕೊಳೆ ಹೋಗಲಿ ಎಂದು ಇನ್ನಷ್ಟು ಒತ್ತಿ ತಿಕ್ಕಿದ್ದೆ. ಉರಿಯುತ್ತೆ ಎಂದು ಅವಳು ನುಲಿದರೆ, ಸುಮ್ಮನೆ ಕೂತ್ಕೊ ಎಂದು ಗದರಿದ್ದೆ.

ಇದೇ ಕಾರಣ ಎಂದು ನೋಡಿದ ಮಾತ್ರಕ್ಕೆ ಹೇಳಲಾಗದು, ಮೂರು ವಾರ ಬರೀ ಕೈಯಲ್ಲಿ ಸ್ನಾನ ಮಾಡಿ ನೋಡೋಣ ಎಂದರು ಡಾಕ್ಟರಮ್ಮ. ಹೋದ ಸಲವೇ ಹೇಳಿದ್ದರೆ ಈ ಮಗು ಇಷ್ಟು ದಿನ ಕೆರೆದುಕೊಳ್ಳುತ್ತಿರಲಿಲ್ಲ ಎಂದೂ ಅಂದರು.

ಮನೆಗೆ ಬಂದ ಮೇಲೂ ನನ್ನ ಬುದ್ಧಿ ನನ್ನನ್ನು ಬಿಡಲಿಲ್ಲ. ಆ ಡಾಕ್ಟರಮ್ಮ ಹೇಳಿದ್ದು ನಿಜವೋ ಸುಳ್ಳೋ ಎಂದು, ಬಿಳೀ ಬೋಗುಣಿಯಲ್ಲಿ ಬಿಸಿನೀರು ಹಾಕಿ ಉಂಡೆಯನ್ನು ಅದರಲ್ಲಿ ಹಿಂಡಿದೆ. ನೀರು ಗುಲಾಬಿಯಾಯಿತು, ಇನ್ನೊಂದು ಸಲ ಹಿಂಡಿದರೆ ಕೆಂಪಾಯಿತು. ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಊರವರನ್ನೆಲ್ಲ ಅನುಮಾನಿಸಿದ ನಾನು ನನ್ನ ಕೈಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ನಾಚಿಕೆಯಾಯಿತು, ಮಗಳ ಮುಖ ನೋಡಲು ಭಯವೂ ಆಯಿತು.

ಮೂರು ವಾರಕ್ಕೆ ಕೆರೆತ ನಿಂತಿತು, ಕೆಂಪು ಇಳಿಯಿತು. ಕಪ್ಪು ಕಲೆ ಮಾಸಲು ತಿಂಗಳುಗಳೇ ಹಿಡಿದವು. ಸ್ನಾನವಾದ ಮೇಲೆ ಚರ್ಮ ಒಣಗದಂತೆ ಕೊಬ್ಬರಿ ಎಣ್ಣೆ ಸವರಬೇಕಿತ್ತು. ಕುತ್ತಿಗೆಗೆ ಅವಳೇ ಹಚ್ಚಿಕೊಂಡಳು. ಬೆನ್ನಿಗೆ ಅವಳ ಕೈ ಎಟುಕುತ್ತಿರಲಿಲ್ಲ. ಎರಡು ದಿನ ಬೆನ್ನನ್ನು ಹಾಗೇ ಬಿಟ್ಟಿದ್ದವಳು, ಮೂರನೇ ದಿನ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟು ಕೂತಳು. ನಾನು ಬೆರಳು ಅದ್ದುವಷ್ಟರಲ್ಲಿ ನನ್ನ ಕಡೆ ತಿರುಗಿದಳು.

"ಕೈ ತೊಳ್ಕೊಂಡ್ಯಾ ಅಮ್ಮ?"

ತೊಳೆದಿದ್ದೇನೆ ಎಂದೆ.

"ಇನ್ನೊಂದ್ಸಲ ತೊಳ್ಕೊಂಡು ಬಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಹೋಗಿ ಸೋಪು ಹಾಕಿ, ಉಗುರಿನ ಸಂದಿಯನ್ನೂ ಉಜ್ಜಿ ತೊಳೆದುಕೊಂಡು ಬಂದೆ. ಅವಳು ನನ್ನ ಎರಡೂ ಕೈ ಹಿಡಿದು, ಅಂಗೈ ನೋಡಿ, ತಿರುಗಿಸಿ ಹಿಂಗೈಯನ್ನೂ ನೋಡಿದಳು. ಆಮೇಲೆ ಬೆನ್ನು ಕೊಟ್ಟು ಕೂತಳು.