ಕಲ್ಲಿನಲ್ಲಿ ಕಡೆದ ಮಸಾಲೆ

ಗಂಗೊಳ್ಳಿ ಬಂದರಿಗೆ ಇಳಿಯುವ ದಾರಿಯಲ್ಲಿ, ಐಸ್ ಪ್ಲಾಂಟ್ ದಾಟಿದ ಕೂಡಲೇ ಎಡಗಡೆಗೆ ಒಂದು ಹೋಟೆಲಿದೆ. ಅದಕ್ಕೊಂದು ಹೆಸರು ಅಂತ ಇಲ್ಲ. ಎಲ್ಲರ ಹಾಗೆ ದೇವರ ಹೆಸರೋ ಮಗಳ ಹೆಸರೋ ಇಡುವುದು ಬಿಟ್ಟು ಗುರುವ ಬೋರ್ಡಿನ ಮೇಲೆ ಒಂದೇ ಒಂದು ಸಾಲು ಬರೆಸಿದ್ದ: 'ಇಲ್ಲಿ ಕಲ್ಲಿನಲ್ಲಿ ಕಡೆದ ಮಸಾಲೆಯ ಮೀನೂಟ ಸಿಗುತ್ತದೆ.' ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ಬೋಟಿನವರ ಬಾಯಲ್ಲಿ ಅದು 'ಕಲ್ಲಿನ ಹೋಟೆಲ್' ಆಯಿತು. ಉಪ್ಪುಗಾಳಿಗೆ ಬಣ್ಣ ಎದ್ದು ಹೋದಾಗಲೆಲ್ಲ ಗುರುವ ಮತ್ತೆ ಬರೆಸುತ್ತಿದ್ದ. ಬೋರ್ಡ್ ಹಾಕಿದ ಮೇಲಿನ ಒಂಬತ್ತು ವರ್ಷದಲ್ಲಿ ಮೂರು ಸಲ ಬರೆಸಿದ್ದಾನೆ.

ಗುರುವನ ವಿಷಯ ಹೇಳುವುದಾದರೆ ಮೊದಲು ಅವನ ಚೂರಿಯ ವಿಷಯ ಹೇಳಬೇಕು. ಹದಿನೈದನೇ ವಯಸ್ಸಿಗೆ ಮುಂಬಯಿಗೆ ಹೋದವನು ಅವನು. ಒಂದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವುದರಿಂದ ಶುರುಮಾಡಿ ಅಡಿಗೆಯವನಾಗುವ ತನಕ ಹದಿನೇಳು ವರ್ಷ ಅಲ್ಲೇ ಬೆಂದ. ಅಲ್ಲಿಯ ದೊಡ್ಡ ಅಡಿಗೆಯವನ ಹತ್ತಿರ ಜಪಾನಿನ ಒಂದು ಚೂರಿ ಇತ್ತಂತೆ. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಊರಿಗೆ ಹೊರಡುವ ಮೊದಲು ಗುರುವ ಮಾಡಿದ ಕೊನೆಯ ಕೆಲಸ, ಎರಡು ತಿಂಗಳ ಸಂಬಳ ಸುರಿದು ಅಂಥದ್ದೇ ಒಂದು ಚೂರಿ ಕೊಂಡದ್ದು. ಮದುವೆಗೆ ಚಿನ್ನ ಮಾಡಿಸುವಾಗ ಕೈ ಬಿಗಿ ಹಿಡಿದವನು ಚೂರಿಗೆ ಹಿಡಿಯಲಿಲ್ಲ. ಇವತ್ತಿಗೂ ಅದನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳುತ್ತಾನೆ. ಅದರಲ್ಲಿ ಆನೆಯನ್ನೇನೂ ಕಡಿಯುವುದಿಲ್ಲ. ಗಲ್ಲಾದ ಪಕ್ಕದಲ್ಲಿ, ಗಿರಾಕಿಗಳ ಎದುರು ನಿಂತು ನೀರುಳ್ಳಿ ಮತ್ತು ನಿಂಬೆಹಣ್ಣು ಕೊಯ್ಯುತ್ತಾನೆ, ಅಷ್ಟೆ.

ಸಾಮಾನಿಗೆ ದುಡ್ಡು ಹಾಕುವಾಗ ಹಿಂದೆಮುಂದೆ ನೋಡಬಾರದು ಎಂಬುದು ಅವನ ಹಠ. ಅಗ್ಗದ ಕಾವಲಿ ತಂದವನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ದಪ್ಪ ತಳದ ಸ್ಟೀಲ್ ಪಾತ್ರೆ ತಂದ, ಮೂರು ಉರಿಯ ಒಲೆ ತಂದ. ಹೋಟೆಲಿಗೆ ಹದಿಮೂರು ವರ್ಷವಾದಾಗ, ಹುರಿದ ಮೀನು ಇಡಲು ಒಳಗೆ ದೀಪ ಉರಿಯುವ ಗಾಜಿನ ಪೆಟ್ಟಿಗೆಯೂ ಬಂತು. ಅದು ಬಂದ ದಿನ ಐಸ್ ಪ್ಲಾಂಟಿನ ಮೇಸ್ತ್ರಿ ಅಣ್ಣಯ್ಯ, "ಗುರುವಣ್ಣ, ಈ ಪೆಟ್ಟಿಗಿಯೊಳ್ಗೆ ಬಂಗ್ಡಿ ಮದಿಮಗಳ್ ಕಂಡಾಂಗೆ ಕಾಣತ್ತ್ ಮಾರಾಯ್ರೆ" ಎಂದು ನಗಾಡಿದ. ಗುರುವ ಹಿಗ್ಗಿ ಹೀರೆಕಾಯಿಯಾದ.

ಇವೆಲ್ಲ ಗಿರಾಕಿಗಳ ಕಣ್ಣಿಗೆ ಬೀಳುವ ಸಾಮಾನು. ಹಿಂದಿನ ಬಾಗಿಲು ದಾಟಿದರೆ ಒಂದು ಇಳಿಮಾಡು. ಅದರಡಿ ಮಸಾಲೆ ರುಬ್ಬಲು ಒಂದು ಕಡೆಯುವ ಕಲ್ಲು, ಎದುರಿಗೆ ಒಂದು ಮರದ ಮಣೆ, ಮಣೆಯ ಮೇಲೆ ಸುಂದರಿ. ಗಂಡಸರಿಗೆ ಅಡಿಗೆಮನೆಯ ಹಿಂದಿನ ಬಾಗಿಲು ಕಾಣುವುದು ಯಾವಾಗ ಹೇಳಿ.

ಸುಂದರಿ ನಾವುಂದದ ಹೆಣ್ಣು, ಗುರುವನ ಹೆಂಡತಿ. ಹೋಟೆಲ್ ತೆರೆದ ದಿನದಿಂದ ಮಸಾಲೆ ಅವಳದೇ. ಬೆಳಿಗ್ಗೆ ಎಂಟು ಕಾಯಿ, ಮಧ್ಯಾಹ್ನ ದಾಟಿದ ಮೇಲೆ ಮತ್ತೆ ನಾಲ್ಕು. ಹುರಿದ ಮೆಣಸು, ಕೊತ್ತಂಬರಿ, ಹುಳಿ ಹಾಕಿ, ಎಡಗೈಯಲ್ಲಿ ಒಳಗೆ ದೂಡುತ್ತ ಬಲಗೈಯಲ್ಲಿ ಗುಂಡು ತಿರುಗಿಸುವುದು. ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ತರಿ ಸಿಗಬಾರದು. ಸಿಕ್ಕಿದರೆ ಮತ್ತೆ ಕಡೆಯಬೇಕು.

ಗಾಜಿನ ಪೆಟ್ಟಿಗೆ ಬಂದ ವಾರವೇ ಅವಳು ಬಾಯಿಬಿಟ್ಟು ಕೇಳಿದ್ದಳು.

"ಹ್ವಾಯ್, ಒಂದ್ ಗ್ರೈಂಡರ್ ತಕಂಬ್ವಾ? ಎಂಟ್ ಕಾಯಿ ಕಡುದ್ರೊಳ್ಗೆ ನನ್ ರೆಟ್ಟಿ ಬಿದ್ದ್ ಹೋತ್."

"ಎಂತ ಮಾತಾಡ್ತೆ ಹೆಣೆ ನೀನ್? ಮಷೀನಗೆ ಮಸಾಲಿ ಬಿಸಿ ಆತ್, ರುಚಿ ಸತ್ತ್ ಹೋತ್. ಕಲ್ಲಿನ್ ರುಚಿ ಅದಕ್ಕೆ ಬತ್ತಿಲ್ಲ."

"ನೀವ್ ತಿಂದ್ ಕಂಡಿದ್ರ್ಯಾ?"

"ತಿಂದ್ ಕಾಂಬುದೆಂತಕ್ಕೆ? ನಂಗ್ ಗೊತ್ತಿಲ್ಯಾ?"

ಗೊತ್ತಿರುವವರಿಗೆ ಹೇಳುವುದು ಹೇಗೆ? ಸುಂದರಿ ಹೋಗಿ ಮತ್ತೆ ಮಣೆಯ ಮೇಲೆ ಕೂತಳು. ಗುರುವ ಜಿಪುಣನಲ್ಲ, ಅದು ಅವಳಿಗೂ ಗೊತ್ತು. ಆದರೆ ಗ್ರೈಂಡರ್ ಅವನ ಕಣ್ಣಿಗೆ ಸಾಮಾನಾಗಿ ಕಾಣಲೇ ಇಲ್ಲ, ಸೋಮಾರಿತನವಾಗಿ ಕಂಡಿತು.

ಅದರ ಮರುವರ್ಷ, ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ, ಮೀನು ಕೊಯ್ಯುವಾಗ ಮೆಟ್ಟುಕತ್ತಿ ತಾಗಿ ಸುಂದರಿಯ ಹೆಬ್ಬೆರಳು ಸೀಳಿತು. ಐದು ಹೊಲಿಗೆ. ಹತ್ತು ದಿನ ಕೈ ನೆನೆಸಬಾರದು ಎಂದರು ಡಾಕ್ಟರು. ಹೋಟೆಲ್ ಭರ್ತಿ ನಡೆಯುವ ಕಾಲ, ಗುರುವ ತಲೆಯ ಮೇಲೆ ಕೈ ಹೊತ್ತು ಕೂತ.

"ಆಚಿಮನಿ ವಿನಯಾ ಕಡ್ದ್ ಕೊಡ್ಲಿ, ನೀವ್ ಮಂಡಿಬಿಸಿ ಮಾಡ್ಕಣ್ಬೇಡಿ" ಎಂದಳು ಸುಂದರಿ.

ಮಸಾಲೆ ಹೊತ್ತಿಗೆ ಸರಿಯಾಗಿ ಒಲೆಯ ಹತ್ತಿರ ಬರುತ್ತಿತ್ತು. ಗುರುವನಿಗೆ ಅಷ್ಟು ಸಾಕು. ಮೂರನೇ ದಿನ ಅಣ್ಣಯ್ಯ ಊಟ ಮಾಡುತ್ತ ಕೈ ನಿಲ್ಲಿಸಿ, "ಗುರುವಣ್ಣ, ಇವತ್ತಿನ್ ಗಸಿ ಲೋಟದಗೆ ಹಾಯ್ಕಂಡ್ ಕುಡುವಾಂಗಿತ್ತ್. ಕಲ್ಲಿನ್ ಮಸಾಲಿ ಅಂದ್ರೆ ಇದ್ ಕಾಣಿ" ಎಂದ. ಅಕ್ಕಪಕ್ಕದ ಬೋಟಿನವರೂ ಹೌದು ಹೌದೆಂದರು. ಗುರುವನೂ ಬೆರಳಲ್ಲಿ ನೆಕ್ಕಿ ನೋಡಿದ. ನಿಜವೇ, ಬೆಣ್ಣೆಯ ಹಾಗೆ ನುಣ್ಣಗಿತ್ತು. ವಿನಯಾ ಹರೆಯದವಳು, ಕೈಯಲ್ಲಿ ಕಸುವಿದೆ ಎಂದುಕೊಂಡ. ಹಿಂದಿನ ಬಾಗಿಲು ತೆರೆದು ಒಮ್ಮೆ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ನೋಡಲಿಲ್ಲ. ಅಲ್ಲಿಯ ತನಕ ಬೋರ್ಡೇ ಇಲ್ಲದ ಹೋಟೆಲಿಗೆ ಒಂದು ಬೋರ್ಡ್ ಬೇಕೆಂದು ಕುಂದಾಪುರಕ್ಕೆ ಹೋಗಿ ಬರೆಯುವವನಿಗೆ ಹೇಳಿ ಬಂದ.

ಹತ್ತನೇ ದಿನ ಬೋರ್ಡ್ ಬಂತು. ತಂತಿ ಕಟ್ಟಿ ತೂಗಹಾಕಿ, ಊದುಬತ್ತಿ ಹಚ್ಚಿ, ಗುರುವ ಕಾಯಿ ಒಡೆಯಲು ನಿಂತಿದ್ದ. ಬಂದರಿನ ಇಪ್ಪತ್ತು ಮಂದಿ ಸುತ್ತ ನಿಂತಿದ್ದರು. ಆಗ ಸುಂದರಿ ಬೆರಳಿನ ಪಟ್ಟಿ ಬಿಚ್ಚಿಕೊಂಡು ಹೊರಗೆ ಬಂದಳು. ಮುಖದಲ್ಲಿ ಏನೋ ಒಂದು ಗೆಲುವು.

"ಹ್ವಾಯ್, ಒಂದ್ ಮಾತ್ ಹೇಳುಕಿತ್ತ್."

"ಮಾತ್ ಕಡಿಗಾಯ್ತ್. ಮೊದ್ಲ್ ಬೋರ್ಡ್ ಕಾಣ್."

ಸುಂದರಿ ತಲೆ ಎತ್ತಿ ಓದಿದಳು. ಎರಡು ಸಲ ಓದಿದಳೇನೋ, ಅಷ್ಟು ಹೊತ್ತು ನಿಂತಳು. ಆಮೇಲೆ ಗಂಡನ ಮುಖ ನೋಡಿದಳು. "ಲಾಯ್ಕ್ ಆಯ್ತ್" ಎಂದು ಒಳಗೆ ಹೋದಳು. ಆ ಮಾತು ಏನಿತ್ತೆಂದು ಗುರುವ ಕಡೆಗೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಇಳಿಮಾಡಿನಲ್ಲಿ ಕಲ್ಲು ಮತ್ತೆ ತಿರುಗಿತು. ಆ ಗರಗರ ಸದ್ದು ಕೇಳಿದರೆ ತನಗೆ ಧೈರ್ಯ ಎಂದು ಗುರುವ ಗಿರಾಕಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದ. ಹೀಗೆ ಒಂಬತ್ತು ವರ್ಷ. ಸುಂದರಿ ಮತ್ತೆಂದೂ ಗ್ರೈಂಡರಿನ ಸುದ್ದಿ ಎತ್ತಲಿಲ್ಲ. ಅವಳಿಗೂ ಕಲ್ಲಿನ ರುಚಿ ಮನವರಿಕೆಯಾಯಿತು ಎಂದುಕೊಂಡ ಈ ಮಹಾರಾಯ.

ಸುಂದರಿಗೆ ಅಬ್ಬಲಿಗೆ ಹೂವೆಂದರೆ ಜೀವ. ಬೆಳಿಗ್ಗೆ ಮಿಂದು ತುರುಬು ಕಟ್ಟಿ ಒಂದು ತುಂಡು ಅಬ್ಬಲಿಗೆ ಸಿಕ್ಕಿಸಿಕೊಳ್ಳದೆ ಅವಳು ಒಲೆ ಹಚ್ಚಿದವಳಲ್ಲ. ಹೋದ ವರ್ಷ ಅದು ನಿಂತಿತು. ತುರುಬೂ ಹೋಗಿ, ಕೂದಲನ್ನು ಒಂದು ಬದಿಗೆ ತಂದು ಹೇಗೋ ಗಂಟು ಹಾಕಿಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಉಂಡು ಮಲಗುವ ಗುರುವನಿಗೆ ಇದು ಕಾಣಲಿಲ್ಲ. ಬ್ರಹ್ಮಾವರದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಮಗಳು ನಿಶ್ಮಿತಾ ಭಾನುವಾರ ಬಂದವಳು ಹೋಟೆಲಿನ ಮೆಟ್ಟಿಲಲ್ಲೇ ಅದನ್ನು ಕಂಡಳು.

"ಅಮ್ಮ, ಹೂ ಎಂತಕ್ಕೆ ಮುಡಿಲಿಲ್ಲ?"

"ಈ ಪ್ರಾಯದಗೆ ಎಂತ ಹೂ."

"ಕೈ ಎತ್ತ್ ಕಾಂಬ."

ಸುಂದರಿ ಎತ್ತಿದಳು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ. ನೋವಿಗೆ ಅವಳ ಕಣ್ಣಲ್ಲಿ ನೀರು ತುಂಬಿತು, ಆದರೂ ನಗಲು ನೋಡಿದಳು. ಗುರುವ ನೀರುಳ್ಳಿ ಕೊಯ್ಯುವುದನ್ನು ಬಿಟ್ಟು ಚೂರಿ ಹಿಡಿದುಕೊಂಡೇ ನಿಂತಿದ್ದ.

ಕುಂದಾಪುರದ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಭುಜದ ಸ್ನಾಯು ಹರಿದಿದೆ, ಹರಿದು ತುಂಬ ಕಾಲವಾಗಿದೆ, ಆಪರೇಷನ್ ಮಾಡಿದರೂ ಕೈ ಮೊದಲಿನಂತೆ ಆಗುವುದಿಲ್ಲ ಎಂದರು. ಏನು ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ ಎಂದು ಕೇಳಿದರು. ಇಪ್ಪತ್ತಮೂರು ವರ್ಷ ಎಂದು ಸುಂದರಿ ಮೆಲ್ಲಗೆ ಹೇಳಿದಳು. "ನಾಲ್ಕೈದು ವರ್ಷ ಮೊದಲು ನಿಲ್ಲಿಸಿ ಬಂದಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು ಡಾಕ್ಟರು, ಸುಂದರಿಯನ್ನಲ್ಲ, ಗುರುವನನ್ನು ನೋಡಿ. ಅವನು ನೆಲ ನೋಡಿದ.

ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋದ. ಇದ್ದುದರಲ್ಲಿ ಎಲ್ಲಕ್ಕಿಂತ ದುಬಾರಿಯ ಗ್ರೈಂಡರ್ ತೋರಿಸಿ ಎಂದ. ತೊಟ್ಟಿಯನ್ನು ಬಗ್ಗಿಸಿ ಮಸಾಲೆ ತೆಗೆಯುವ, ಮದುವೆಮನೆಗೆ ಸಾಕಾಗುವಷ್ಟು ದೊಡ್ಡದು.

"ಅಪ್ಪಯ್ಯ, ಇದ್ರರ್ಧ ಕ್ರಯದ್ದ್ ಸಾಕಿತ್ತ್" ಎಂದಳು ನಿಶ್ಮಿತಾ.

"ದುಡ್ಡಿನ್ ಮೋರಿ ಕಾಂಬುದ್ ಬ್ಯಾಡ ಈಗ."

"ಈಗ ಅಲ್ಲ ಅಪ್ಪಯ್ಯ, ಆಗ" ಎಂದಳು ಮಗಳು. ಮುಂದೆ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ನಾಲ್ಕು ಬೈದಿದ್ದರೆ ಇನ್ನೂ ಒಳ್ಳೆಯದಿತ್ತು ಅನ್ನಿಸಿತು ಗುರುವನಿಗೆ.

ಮಷೀನು ಬಂದು ಕೂತಿತು. ಮೊದಲ ದಿನ ಸುಂದರಿಯೇ ಕಾಯಿ, ಮೆಣಸು ಹಾಕಿ ಸ್ವಿಚ್ ಒತ್ತಿದಳು. ಅರ್ಧ ಗಂಟೆಯಲ್ಲಿ ಎಂಟು ಕಾಯಿಯ ಮಸಾಲೆ ನುಣ್ಣಗಾಯಿತು. ತೊಟ್ಟಿ ಬಗ್ಗಿಸಲು ಹಿಡಿಯನ್ನು ಎಳೆಯಬೇಕು. ಅವಳು ಬಲಗೈ ಇಟ್ಟಳು, ಆಗಲಿಲ್ಲ. ಎಡಗೈ ಇಟ್ಟಳು, ಅದಕ್ಕೆ ಅಷ್ಟು ಬಲವಿಲ್ಲ. "ಇದ್ ನಂಗಾತಿಲ್ಲ, ನೀವೇ ಮಾಡಿ" ಎಂದು ಬದಿಗೆ ಸರಿದಳು. ಇಷ್ಟು ದುಡ್ಡು ಸುರಿದು ತಂದ ಮಷೀನು, ಯಾರಿಗಾಗಿ ತಂದದ್ದೋ ಅವಳ ಕೈಗೇ ಒಗ್ಗಲಿಲ್ಲ.

ಗುರುವನಿಗೆ ಒಳಗೊಳಗೇ ಪುಕುಪುಕು. ರುಚಿ ಹೋಯಿತು ಎಂದು ಗಿರಾಕಿಗಳು ಎದ್ದು ಹೋದರೆ? ಬೋರ್ಡ್ ಇಳಿಸಬೇಕಿತ್ತು, ಧೈರ್ಯ ಬರಲಿಲ್ಲ. ಮಧ್ಯಾಹ್ನ ಅಣ್ಣಯ್ಯ ಬಂದು ಕೂತಾಗ ಗುರುವ ನಿಂಬೆಹಣ್ಣು ಕೊಯ್ಯುವ ನೆವದಲ್ಲಿ ಹತ್ತಿರವೇ ನಿಂತ. ಅಣ್ಣಯ್ಯ ಎರಡು ತುತ್ತು ಉಂಡ. ಮೂರನೇ ತುತ್ತಿಗೆ ಕೈ ನಿಲ್ಲಿಸಿದ.

"ಗುರುವಣ್ಣ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ."

ಗುರುವನ ಚೂರಿ ನಿಂಬೆಹಣ್ಣಿನ ನಡುವೆ ನಿಂತಿತು.

"ನೀವ್ ಬೋರ್ಡ್ ಹಾಕ್ದ್ ವರ್ಷ ಒಂದ್ ಹತ್ತ್ ದಿನ ಹೀಂಗಿತ್ತ್ ಗಸಿ. ಅದಾದ್ ಮೇಲೆ ಈ ನಮೂನಿ ಸಿಕ್ಕಲೇ ಇಲ್ಲ. ಇವತ್ತ್ ಬಂತ್ ಕಾಣಿ ಅದೇ ರುಚಿ."

ಉಳಿದವರು ನಕ್ಕರು. ಗುರುವ ನಗಲಿಲ್ಲ. ಹತ್ತು ದಿನ. ವಿನಯಾ. ಬೆಣ್ಣೆಯ ಹಾಗಿದ್ದ ಮಸಾಲೆ. ಅವನು ಚೂರಿಯನ್ನು ಗಲ್ಲಾದ ಮೇಲೆ ಹಾಗೆಯೇ ಬಿಟ್ಟು ಒಳಗೆ ಹೋದ. ಸುಂದರಿ ಒಲೆಯ ಹತ್ತಿರ ಎಡಗೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ಹೆಣೆ, ನಿನ್ ಬೆರಳ್ ಕೊಯ್ದಾಗ ವಿನಯಾ ಎಲ್ಲ್ ಕಡ್ದದ್ದ್?"

ಸುಂದರಿ ಸೌಟು ಕೆಳಗಿಟ್ಟಳು. "ಅವ್ರ್ ಮನಿಯೊಳ್ಗೆ. ಗ್ರೈಂಡರಗೆ."

"ನಂಗೆ ಹೇಳಲಿಲ್ಲ ನೀನ್."

"ಹತ್ತ್ ದಿನ ತಿನ್ನಿಸಿ ಆಮೇಲೆ ಹೇಳುವ ಅಂದೇಳಿಯೇ ಇದ್ದೆ. ಆಗ ಆದ್ರೂ ಒಂದ್ ಮಷೀನ್ ತಕಂತ್ರಿ ಅಂದೇಳಿ. ಹೇಳುಕೆ ಹೊರಗ್ ಬಂದ್ರೆ ನೀವ್ ಬೋರ್ಡಿಗೆ ಕಾಯಿ ಒಡುಕೆ ನಿಂತಿದ್ರಿ. ಅಷ್ಟ್ ಜನರೆದ್ರಿಗೆ ನಿಮ್ಮನ್ ಸುಳ್ಳ್ ಮಾಡುದಾ?"

"ಮತ್ತೆ ಆದ್ರೂ ಹೇಳ್ಲಕ್ಕಿತ್ತಲೆ."

"ಹೇಳ್ರೆ ಮಷೀನ್ ಬತ್ತಿತ್ತ್, ಬೋರ್ಡ್ ಸುಳ್ಳಾತಿತ್ತ್. ನಿಮ್ಗೆ ಆ ಬೋರ್ಡ್ ಅಂದ್ರೆ ಜೀವ." ಸುಂದರಿ ಮತ್ತೆ ಸೌಟು ಎತ್ತಿಕೊಂಡಳು. "ಅದ್ಕೆ ಕಲ್ಲಗೇ ಕಡ್ದೆ."

ಗುರುವನಿಗೆ ತಪ್ಪಾಯಿತು ಎನ್ನಬೇಕೆಂದಿತ್ತು. ಜೀವಮಾನದಲ್ಲಿ ಹೆಂಡತಿಯ ಹತ್ತಿರ ಆಡದ ಮಾತು ಬೇಕೆಂದಾಗ ಬಾಯಿಗೆ ಬರುವುದಿಲ್ಲ. ಅವನು ಹೊರಗೆ ಹೋಗಿ ಸ್ಟೂಲ್ ಹತ್ತಿ ತಂತಿ ಬಿಚ್ಚಿ ಬೋರ್ಡ್ ಇಳಿಸಿದ.

"ಎಂತಕ್ಕೆ ಗುರುವಣ್ಣ?" ಎಂದ ಕೈ ತೊಳೆದು ಬಂದ ಅಣ್ಣಯ್ಯ.

"ಬಣ್ಣ ಹೊಡ್ಸುಕಿತ್ತ್" ಎಂದ ಗುರುವ. ಆಗಲೂ ನಿಜ ಹೇಳಲಿಲ್ಲ, ನೋಡಿ. ತಾನೇ ಕೇಳಿಸಿಕೊಂಡು ತನಗೇ ಹೇಸಿಗೆಯಾಯಿತು.

ಬೋರ್ಡನ್ನು ಹೊತ್ತುಕೊಂಡು ಇಳಿಮಾಡಿಗೆ ಹೋಗಿ ಗೋಡೆಗೆ ಮುಖ ಮಾಡಿ ಇಟ್ಟ. ಕಲ್ಲು ಅಲ್ಲೇ ಇತ್ತು, ಒಣಗಿ. ಎದುರಿನ ಮಣೆ ನಡುವೆ ಸವೆದು ತಗ್ಗಾಗಿತ್ತು. ಇಪ್ಪತ್ತಮೂರು ವರ್ಷದಲ್ಲಿ ಅವನು ಆ ಮಣೆಯ ಮೇಲೆ ಕೂತದ್ದೇ ಇಲ್ಲ. ಈಗ ಕೂತ. ಗುಂಡನ್ನು ಹಿಡಿದು ತಿರುಗಿಸಿದ. ಹತ್ತು ಸುತ್ತಿಗೆ ಮುಂಗೈ ಬಿಗಿಯಿತು. ಇಪ್ಪತ್ತಾಗುವಾಗ ಭುಜದಲ್ಲಿ ಚಳಕು ಹೊಡೆಯಿತು. ಅವನು ನಿಲ್ಲಿಸಲಿಲ್ಲ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹೋಗುತ್ತಿದ್ದರೂ ತಿರುಗಿಸುತ್ತಲೇ ಇದ್ದ.

ಸದ್ದು ಕೇಳಿ ಸುಂದರಿ ಬಾಗಿಲಿಗೆ ಬಂದಳು.

"ಬರೀ ಕಲ್ಲ್ ತಿರ್ಗ್ಸಬೇಡಿ" ಎಂದಳು. "ಅದ್ ಸವ್ದ್ ಹೋತ್."