ಘಾಟಿಲ್ಲದ ಮೆಣಸಿನಕಾಯಿ

ಮೊನ್ನೆ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದು ಹೋಯಿತು. ಘಾಟು ಮೂಗಿಗೆ ಬಡಿದು ಕೆಮ್ಮು ಒತ್ತರಿಸಿಕೊಂಡು ಬಂತು, ಸ್ಮೋಕ್ ಅಲಾರಂ ಕಿರುಚತೊಡಗಿತು. "ಮಮ್, ಟರ್ನ್ ದ ಫ್ಯಾನ್ ಆನ್" ಎಂದು ಮಗಳು ಮಹಡಿಯಿಂದ ಕೂಗಿದಳು. ಸ್ವಿಚ್ಚಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಪಕ್ಕದ ಮನೆಯ ಆಂಟಿ ನೆನಪಾಗಿದ್ದರು...

ಸಿಡ್ನಿಯ ದಿ ಪಾಂಡ್ಸ್ ಎಂಬ ಬಡಾವಣೆಗೆ ನಾವು ಹೊಸದಾಗಿ ಬಂದಿದ್ದೆವು. ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು. ಆಂಟಿ ಮಂಗಳೂರಿನ ಕ್ಯಾಥೊಲಿಕರು, ಗಂಡ ತೀರಿಹೋಗಿದ್ದರು, ಸುತ್ತಲಿನ ಮನೆಗಳ ಮಕ್ಕಳನ್ನು ನೋಡಿಕೊಂಡು ಬದುಕುತ್ತಿದ್ದರು. ನಾರ್ತ್ ಸಿಡ್ನಿಯ ಆಫೀಸಿಗೆ ಹೋಗುವ ಮುಂಚೆ ನಾನೂ ಮಗಳನ್ನು ಶಾಲೆಯ ಹೊತ್ತಿನವರೆಗೆ ಅವರ ಹತ್ತಿರ ಬಿಡುತ್ತಿದ್ದೆ. ಅವರ ಕಡೆಯವರು, ನಮ್ಮಂಥ ಹುಬ್ಬಳ್ಳಿ ಕಡೆಯವರು ಸೇರಿ ಒಂದು ಕನ್ನಡ ಪ್ರಾರ್ಥನಾ ಗುಂಪು ಇತ್ತು. ಮರಿಯಮ್ಮನವರ ಪ್ರತಿಮೆ ವಾರಕ್ಕೊಂದು ಮನೆಗೆ ಹೋಗುತ್ತಿತ್ತು, ಆ ಮನೆಯಲ್ಲಿ ಎಲ್ಲರೂ ಸೇರಿ ಜಪಮಾಲೆ ಹೇಳುತ್ತಿದ್ದೆವು. ಪ್ರತಿಮೆ ಬರುವ ಮನೆಯವರು ನಮ್ಮವರು, ಅಷ್ಟೇ ಲೆಕ್ಕ.

ಯಾವ ಮಗು ರಚ್ಚೆ ಹಿಡಿದರೂ ದೃಷ್ಟಿ ತೆಗೆಯಲು ಆಂಟಿಯನ್ನೇ ಕರೆಯುತ್ತಿದ್ದರು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಮಗುವಿಗೆ ನಿವಾಳಿಸಿ, ಕಾದ ಬಾಣಲೆಗೆ ಹಾಕುವರು. ಘಾಟು ಬಂದರೆ ದೃಷ್ಟಿಯಿಲ್ಲ. ಬರದಿದ್ದರೆ ಭಾರೀ ದೃಷ್ಟಿ. ಕರಾವಳಿಯವರಾಗಲಿ ಹುಬ್ಬಳ್ಳಿಯವರಾಗಲಿ, ಈ ವಿಷಯದಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ.

ಗುಂಪಿನ ಒಬ್ಬ ಹುಡುಗಿಯ ಚೊಚ್ಚಲ ಕೂಸಿಗೆ ದೃಷ್ಟಿ ತೆಗೆದ ದಿನ ನಾನೂ ಅಲ್ಲಿದ್ದೆ. ಅಲಾರಂ ಹೊಡೆದುಕೊಂಡರೆ ಕೂಸು ಬೆಚ್ಚೀತೆಂದು ಒಲೆಯ ಮೇಲಿನ ಫ್ಯಾನ್ ಹಾಕಿದೆ. ಹೊಗೆಯೆಲ್ಲ ಹೊರಗೆ ಹೋಯಿತು, ಯಾರೂ ಕೆಮ್ಮಲಿಲ್ಲ. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಡಾಕ್ಟರಿಗೂ ತೋರಿಸು ಎಂದು ಹೇಳಿ ಆಂಟಿ ಮನೆಗೆ ಬಂದರು. ಆ ವಾರವೇ ಕೂಸಿಗೆ ಜ್ವರ ಏರಿ ಫಿಟ್ಸ್ ಬಂದು ಆಸ್ಪತ್ರೆ ಸೇರಿತು.

ಅಷ್ಟು ದೊಡ್ಡ ದೃಷ್ಟಿ ಹಾಕಿದವರು ಯಾರು ಎಂದು ವಾಟ್ಸಾಪಿನಲ್ಲಿ ಶುರುವಾಯಿತು. ತೆಗೆಯಲು ಬರುವವರಿಗೆ ಹಾಕಲೂ ಬರುತ್ತದಲ್ಲವೇ ಎಂದು ಯಾರೋ ಬರೆದರು. ಆಂಟಿಯ ಸರದಿಯ ವಾರ ಪ್ರತಿಮೆ ಅವರ ಮನೆ ದಾಟಿ ಮುಂದಿನ ಮನೆಗೆ ಹೋಯಿತು. ಮಕ್ಕಳನ್ನು ಬಿಡುವವರು ಒಬ್ಬೊಬ್ಬರೇ ನಿಲ್ಲಿಸಿದರು. ಒಂದು ಬೆಳಿಗ್ಗೆ ನೋಡಿದರೆ ಅವರ ಬಾಗಿಲಿಗೆ ಅಡ್ಡವಾಗಿ ಯಾರೋ ಉಪ್ಪು ಸುರಿದಿದ್ದರು. ಒಳಗಿನ ಮಾಟ ಹೊಸಿಲು ದಾಟದಿರಲೆಂದು ಹಾಕಿದ್ದು.

ಗುಂಪಿನವರು ಅವರನ್ನು ಮಾತಿಗೆ ಕರೆದರು. "ನೀನೂ ಬಾ ಮಾರಾಯ್ತಿ, ನಂಗೆ ಒಬ್ಳಿಗೆ ಹೆದರಿಕೆ ಆಗ್ತದೆ" ಎಂದರು ಆಂಟಿ. ನನ್ನ ಗಂಡ, "ಹೋಗಬ್ಯಾಡ. ನಾಳೆ ನಮ್ಮ ಬಾಗಲಕ್ಕ ಉಪ್ಪು ಬೀಳ್ತದ" ಎಂದರು. ಆದರೂ ಹೋದೆ.

ಪ್ರಾರ್ಥನೆ ನಡೆಸುತ್ತಿದ್ದ ಅಂಕಲ್ ಬೈಬಲ್ ತೆರೆದುಕೊಂಡೇ ಕೂತಿದ್ದರು. ಮಾಟಗಾತಿಯನ್ನು ಬದುಕಗೊಡಬಾರದು ಎಂಬ ಹಳೆಯ ಒಡಂಬಡಿಕೆಯ ಮಾತನ್ನು ಮೆಲ್ಲಗೆ, ಮರ್ಯಾದೆಯಿಂದ ಓದಿದರು. ಆ ಮರ್ಯಾದೆಗೇ ನನಗೆ ಹೆಚ್ಚು ಭಯವಾಯಿತು. "ಯುರೋಪಲ್ಲಿ ಮಾಟಗಾತಿಯರನ್ನ ಸುಮ್‌ಸುಮ್ನೆ ಸುಟ್ರಾ? ಇದನ್ನ ಓದೇ ಸುಟ್ಟಿದ್ದು" ಎಂದರು.

"ಓದಿದ್ದು ಹೌದು, ಎಷ್ಟು ಪುಟ ಓದಿದ್ರು?" ಎಂದರು ಆಂಟಿ. "ಇಬ್ರು ಸಾಕ್ಷಿ ಇಲ್ಲದೆ ಯಾರನ್ನೂ ಕೊಲ್ಲಬಾರದು ಅಂತ ಅದರಲ್ಲೇ ಉಂಟಲ್ಲ? ಕಳೆ ಕೀಳ್ಲಿಕ್ಕೆ ಹೋಗ್ಬೇಡಿ, ಗೋಧಿಯೂ ಕಿತ್ತು ಬರ್ತದೆ, ಕೊಯ್ಲಿನವರೆಗೆ ಬಿಡಿ ಅಂತ ಯೇಸುವೇ ಹೇಳಿದ್ದಲ್ವಾ? ಕೊಯ್ಲು ನಿಮ್ಮ ಕೆಲಸವಾ?"

ಅಂಕಲ್ ಬೈಬಲ್ ಮುಚ್ಚಿದರು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಕೂಸಿನ ತಾಯಿ, ಘಾಟು ಬರಲಿಲ್ಲವಲ್ಲ ಎಂದು ಅಳತೊಡಗಿದಳು. ನಾನು ಎದ್ದು ಹೇಳಿದೆ, ಫ್ಯಾನ್ ಹಾಕಿದ್ದು ನಾನು, ಘಾಟು ಹೊರಗೆ ಹೋಯಿತು ಎಂದು. ಇಷ್ಟು ಸಣ್ಣ ವಿಷಯ, ಎಲ್ಲರೂ ನಕ್ಕು ಏಳುತ್ತಾರೆ ಎಂದೇ ನಂಬಿದ್ದೆ.

ಅಂಕಲ್ ನನ್ನ ಕಡೆ ತಿರುಗಿದರು. "ಹಾಗಾದ್ರೆ ಜೊತೆಗೆ ನೀವೂ ಇದ್ರಿ."

ಕೋಣೆಯ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಮಗಳ ಕ್ಲಾಸಿನಲ್ಲಿ ಇವರದೇ ಮಕ್ಕಳು... ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಅವಳಿಗೆ ಏನೂ ಗೊತ್ತಿಲ್ಲ. ಫ್ಯಾನ್ ಹಾಕ್ಲಿಕ್ಕೆ ನಾನೇ ಹೇಳಿದ್ದು" ಎಂದರು ಆಂಟಿ. ಹೇಳಿರಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ಹೊರಟೇಬಿಟ್ಟರು.

ಕೂಸು ಹುಷಾರಾಗಿ ಮನೆಗೆ ಬಂತು. ಮಾಟಗಾತಿ ಸಿಕ್ಕಿಬಿದ್ದದ್ದರಿಂದಲೇ ಹುಷಾರಾಯಿತು ಎಂದರು. ಆಂಟಿ ಮನೆ ಖಾಲಿ ಮಾಡಿ ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದ ತಂಗಿಯ ಮನೆ ಸೇರಿದರು. ಆಗಾಗ ಫೋನ್ ಮಾಡುತ್ತಿದ್ದರು. "ನಿಂಗೆ ಯಾರೂ ಏನೂ ಹೇಳ್ಲಿಲ್ಲ ಅಲ್ವಾ?" ಎಂದು ಪ್ರತಿ ಸಲ ಕೇಳುವರು. ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡರು. ನಮ್ಮ ಗುಂಪಿನಲ್ಲಿ ಅವರಿಗಾಗಿ ಒಂದು ಪ್ರಾರ್ಥನೆಯೂ ನಡೆಯಲಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಕೆಮ್ಮುತ್ತ ನಿಂತಿದ್ದಾಗ ಇದೆಲ್ಲ ಬಂತು. ಆಂಟಿ ಇದ್ದಿದ್ದರೆ, ನೋಡು, ದೃಷ್ಟಿ ಇಲ್ಲ ನಿಂಗೆ ಎನ್ನುತ್ತಿದ್ದರು. ಹಾಗನ್ನುವವರು ಈಗ ನನಗೆ ಯಾರೂ ಇಲ್ಲ. ಈ ವಾರ ಪ್ರತಿಮೆ ನಮ್ಮ ಮನೆಯಲ್ಲಿದೆ, ಅಂದು ಸಂಜೆ ಜಪಕ್ಕೆ ಎಲ್ಲರೂ ಬರುವವರಿದ್ದರು. ಘಾಟು ಉಳಿದಿದ್ದರೆ, ಇಲ್ಲಿ ಯಾರಿಗೆ ದೃಷ್ಟಿ ತೆಗೆದಿರಿ ಎಂದು ಅನುಮಾನದಿಂದ ಕೇಳುತ್ತಿದ್ದರು. ಫ್ಯಾನ್ ಹಾಕಿದೆ. ಕಿಟಕಿಗಳನ್ನೂ ತೆರೆದು, ಅದು ಪೂರ್ತಿ ಹೋಗುವವರೆಗೆ ಅಲ್ಲೇ ನಿಂತಿದ್ದೆ.